ಊದಿ ಹೇಳುವ ಅಕ್ಷರ

"ಯಾವೂರು? ಯಾವ ಬಸ್ಸು? ಯಾರ ಮನೆ?"

ಹುಣಸೂರಿನ ನಮ್ಮ ಆಫೀಸಿನಿಂದ ಹಳ್ಳಿಗೆ ಹೊರಟವರು ಯಾರೇ ಆಗಲಿ, ಈ ಮೂರಕ್ಕೂ ಉತ್ತರ ಕೊಡದೆ ಗೇಟು ದಾಟುವಂತಿರಲಿಲ್ಲ. ಕೇಳುತ್ತಿದ್ದವರು ಮ್ಯಾನೇಜರಲ್ಲ, ಬಾಗಿಲ ಪಕ್ಕದ ಮೇಜಿನ ಹಿಂದೆ, ಕಳೆದುಹೋಗದಿರಲೆಂದು ದಾರ ಕಟ್ಟಿದ ಪೆನ್ನು ಹಿಡಿದು ಕೂರುತ್ತಿದ್ದ ಒಬ್ಬ ಹೆಂಗಸು. ಅವರ ಹೆಸರು ಇಲ್ಲಿ ಬೇಡ. ಆಫೀಸು ಕೊಟ್ಟ ಹೆಸರೇ ಅವರಿಗೆ ಒಪ್ಪುತ್ತಿತ್ತು: ಟೂರಕ್ಕ.

ಹೋದ ವಾರ ಹಾರನಹಳ್ಳಿಯಿಂದ ಅವರ ಮಗಳು ಫೋನು ಮಾಡಿದಳು. "ಅವ್ವ ಓಗ್ಬುಟ್ರು ಕಣಣ್ಣ, ಬೆಳಿಗ್ಗೆ. ನಿಮ್ಗೆ ಸುದ್ದಿ ಮುಟ್ಸು ಅಂತ ಮೊದ್ಲೇ ಅಂದಿದ್ರು." ಫೋನು ಇಟ್ಟವನೇ, ಪಿರಿಯಾಪಟ್ಟಣದಿಂದ ಹಾರನಹಳ್ಳಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಅವರಿವರನ್ನು ವಿಚಾರಿಸತೊಡಗಿದೆ. ಅವರಿದ್ದಿದ್ದರೆ ಅವರನ್ನೇ ಕೇಳಿಬಿಡುತ್ತಿದ್ದೆ.

ನಮ್ಮದು ಹೊಗೆಸೊಪ್ಪು ಕೊಳ್ಳುವ ಕಂಪನಿ. ಟೂರಕ್ಕ ಅಲ್ಲಿಗೆ ಬಂದದ್ದು ಎಲೆ ವಿಂಗಡಿಸುವ ಶೆಡ್ಡಿನ ಕೂಲಿಯಾಗಿ. ಓದಿದ್ದು ಏಳನೇ ಕ್ಲಾಸು. ಒಮ್ಮೆ ಯಾರೋ ಸಾಹೇಬರು ಶೆಡ್ಡಿನಲ್ಲಿ ನಿಂತು ಕೆ.ಆರ್. ನಗರಕ್ಕೆ ಬಸ್ಸು ಯಾವಾಗ ಎಂದು ತಮ್ಮಷ್ಟಕ್ಕೆ ಗೊಣಗಿದರಂತೆ. ಇವರು ಎಲೆಯಿಂದ ತಲೆ ಎತ್ತದೆ ಅಂದಿನ ಬಸ್ಸುಗಳನ್ನೆಲ್ಲ ಹೇಳಿ, ಕೊನೆಗೆ "ಮೂರೂ ಮುಕ್ಕಾಲಿಂದು ನಂಬಬ್ಯಾಡಿ ಸಾಮಿ, ಡ್ರೈವರ್ರು ನೆಂಟ್ರ ಮನೇಲಿ ಕಾಫಿ ಕುಡ್ದು ಬತ್ತಾನೆ" ಎಂದರಂತೆ. ಮಾರನೆಯ ದಿನವೇ ಆಫೀಸಿಗೆ ಕರೆದು, ಹಳ್ಳಿಗೆ ಹೊರಡುವವರ ಟೂರು ಚೀಟಿ ಬರೆಯುವ ಕೆಲಸ ಕೊಟ್ಟರು. ಹದಿನೇಳು ವರ್ಷ ಅದನ್ನೇ ಮಾಡಿದರು. ಆದರೂ ಬೆರಳ ತುದಿಯಲ್ಲಿ ಹೊಗೆಸೊಪ್ಪಿನ ಅಂಟಿನ ಕಂದು ಬಣ್ಣ ಹೋಗಿರಲೇ ಇಲ್ಲ.

ಅವರ ಮಾತಿನಲ್ಲಿ 'ಹ' ಎಂಬ ಅಕ್ಷರವೇ ಇರಲಿಲ್ಲ. ಹಂಪಾಪುರ ಅಂಪಾಪುರ, ಹಾರನಹಳ್ಳಿ ಆರನಳ್ಳಿ. ಬರೆಯುವಾಗ ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ಬರ್ಯೋವಾಗ ಅದ್ರ ಜಾಗ ಅದ್ಕೆ ಕೊಡ್ತೀನಿ. ಬಾಯಲ್ಲಿ ಅದ್ಕೇನು ಕೆಲ್ಸ?" ಎಂದಿದ್ದರು. ಆದರೆ ದೂರದವರಿಗೆ ಫೋನಿನಲ್ಲಿ ಊರ ಹೆಸರು ಹೇಳಬೇಕಾದಾಗ ಒಂದು ವಿಚಿತ್ರ ಮಾಡುತ್ತಿದ್ದರು. ಹೆಸರಿಗೆ ಮುಂಚೆ ರಿಸೀವರಿನೊಳಕ್ಕೆ ಬಿಸಿ ಕಾಫಿ ಆರಿಸುವ ಹಾಗೆ ಒಂದು ಸಲ ಉಫ್ ಎಂದು ಊದುತ್ತಿದ್ದರು. "ಊದಿದ್ದು ಕೇಳುಸ್ತಾ? ಅದೇ ಮೊದಲ್ನೇ ಅಕ್ಸರ. ಆಮ್ಯಾಕೆ ಅಂಪಾಪುರ." ಆಫೀಸೆಲ್ಲ ನಗುತ್ತಿತ್ತು. ನಾನು ಮಾತ್ರ ನಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು.

ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ ಹೋಬಳಿಯವನು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲಿಗ ನಮ್ಮಪ್ಪ, ಡಿಗ್ರಿ ಮಾಡಿದ ಮೊದಲಿಗ ನಾನು. ಬಿ.ಕಾಂ. ಎರಡನೇ ದರ್ಜೆ, ಒಂದೇ ಏಟಿಗೆ ಪಾಸು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಮೊದಲ ದಿನ ಊರು ಯಾವುದೆಂದು ಕೇಳಿದಾಗ "ಅಂಪಾಪುರ" ಎಂದೆ. ಅಲ್ಲಿಂದ ಮೂರು ವರ್ಷ ನಾನು 'ಅಂಪಾ'. ಊಟದ ಸಾಲಿನಲ್ಲಿ, ಪರೀಕ್ಷೆಯ ಹಾಲಿನಲ್ಲಿ, ಎಲ್ಲ ಕಡೆ ಅಂಪಾ. ಸ್ನಾನದ ಮನೆಯಲ್ಲಿ ಬಾಯಿಯ ಮುಂದೆ ಅಂಗೈ ಹಿಡಿದು ಹ, ಹಾ, ಹಿ ಎಂದು ಉಸಿರು ಬಡಿಯುವವರೆಗೆ ಅಭ್ಯಾಸ ಮಾಡಿದೆ. ಡಿಗ್ರಿಗಿಂತ ಆ ಒಂದು ಅಕ್ಷರ ನನಗೆ ಕಷ್ಟದಲ್ಲಿ ಬಂತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿರಬೇಕು, ಕಂಪನಿ ಪ್ರಯಾಣಕ್ಕೆಂದೇ ಕಂಪ್ಯೂಟರಿನಲ್ಲಿ ಹೊಸ ವ್ಯವಸ್ಥೆ ತಂದಿತು. ನನ್ನನ್ನು ತೆಗೆದುಕೊಂಡದ್ದೇ ಅದನ್ನು ನೋಡಿಕೊಳ್ಳಲು, ಒಂದು ವರ್ಷ ಪ್ರೊಬೇಷನ್ ಮೇಲೆ. ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಕಂಪನಿಯ ಪ್ರಯಾಣ ನಿಯಮಾವಳಿ. ಯಾವ ದರ್ಜೆಯವರು ವಿಮಾನ ಹತ್ತಬಹುದು, ಯಾರು ಬಾಡಿಗೆ ಕಾರು, ಯಾರು ಬರೀ ಬಸ್ಸು ಎಂದು ಅದರಲ್ಲಿತ್ತು. ವಿಮಾನದ ದರ್ಜೆಯವರು ನಮ್ಮ ಆಫೀಸಿನಲ್ಲಿ ಯಾರೂ ಇರಲಿಲ್ಲ. ಆದರೂ ಹಾರನಹಳ್ಳಿಗೆ ಹೋಗುವ ಬಸ್ಸಿಗೂ ಆ ಯಂತ್ರ ಕಿಟಕಿ ಪಕ್ಕದ ಸೀಟು ಬೇಕೋ ನಡುದಾರಿಯದೋ ಎಂದು ಕೇಳುತ್ತಿತ್ತು. ಫೀಲ್ಡ್ ಅಸಿಸ್ಟೆಂಟ್ ಚೆಲುವರಾಜು ನನ್ನ ಕುರ್ಚಿಯ ಹಿಂದೆ ನಿಂತು, "ಫುಟ್‌ಬೋರ್ಡ್ ಅಂತ ಇದ್ರೆ ಒತ್ಬುಡಿ ಸಾ, ನಮ್ಗೆ ಸಿಗಾದು ಅದೇಯ" ಎನ್ನುತ್ತಿದ್ದ.

ಒಂದು ನಿಯಮ ಮಾತ್ರ ತಮಾಷೆಯದಾಗಿರಲಿಲ್ಲ. ಯಂತ್ರ ಕೊಟ್ಟ ಟೂರು ನಂಬರಿದ್ದರೆ ಮಾತ್ರ ಆ ದಿನ ಡ್ಯೂಟಿ. ಯಂತ್ರದಲ್ಲಿ ಒಂದು ಊರು, ಆಸಾಮಿ ಇರುವುದು ಇನ್ನೊಂದು ಊರು ಎಂದಾದರೆ ಅದು ಸುಳ್ಳು ಟೂರು. ಸುಳ್ಳು ಟೂರಿಗೆ ಶಿಕ್ಷೆ ಕೆಲಸದಿಂದ ವಜಾ.

ಟೂರಕ್ಕ ಒಂದು ದಿನ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಬಂದು ಪರದೆಯನ್ನು ದಿಟ್ಟಿಸಿದರು.

"ಇದು ಊರೊಂದ್ನೇ ಕೇಳ್ತದಾ?"

"ಹೂಂ ಅಕ್ಕ."

"ಯಾರ ಮನೆ ಅಂತ ಕೇಳಾಕಿಲ್ವಾ?"

"ಅಕ್ಕ, ಇದು ಇಡೀ ಇಂಡಿಯಾಕ್ಕೆ ಅಂತ ಮಾಡಿರೋದು."

"ಯಾಕೆ, ಇಂಡಿಯಾದಲ್ಲಿ ಮನೆ ಇಲ್ವಾ?"

ನನಗೆ ನಗು ಬಂತು. ಓದದವರ ಮಾತು ಎಂದುಕೊಂಡೆ.

ಎರಡು ಕಡೆ ದಾಖಲೆ ಇರಬಾರದು ಎಂದು ಹೊಸ ಮ್ಯಾನೇಜರು ಅವರ ಚೀಟಿ ಪುಸ್ತಕ ನಿಲ್ಲಿಸಿದರು. ಅಕ್ಕ ವಾದ ಮಾಡಲಿಲ್ಲ. ಹಳೆಯ ಪುಸ್ತಕಗಳನ್ನು ಹುರಿಯಲ್ಲಿ ಕಟ್ಟಿ ಬೀರುವಿನ ಮೇಲಿಟ್ಟರು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಟಪಾಲು ನೋಡಿಕೊಳ್ಳಿ ಎಂದರು, ನೋಡಿಕೊಂಡರು. ಬರೆಯಬೇಡಿ ಎಂದಿದ್ದರಿಂದ ಒಂದಕ್ಷರ ಬರೆಯಲಿಲ್ಲ. ಆದರೆ ಕೇಳಬೇಡಿ ಎಂದು ಯಾರೂ ಅಂದಿರಲಿಲ್ಲವಲ್ಲ, ಹೊರಡುವವರನ್ನು ನಿಲ್ಲಿಸಿ ಕೇಳುವುದನ್ನು ಮಾತ್ರ ಬಿಡಲಿಲ್ಲ.

ಆವತ್ತು ಬೆಳಿಗ್ಗೆ ಹನಗೋಡಿನ ಕಡೆಯಿಂದ ಸುದ್ದಿ ಬಂತು, ಒಬ್ಬ ಗೌಡರ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಮನೆಯಲ್ಲಿ, ಹದ ಮಾಡಲು ಏರಿಸಿದ್ದ ಎಲೆ ಕಪ್ಪಾಗುತ್ತಿದೆ ಎಂದು. ಹನಗೋಡು ನಮ್ಮ ಹುಣಸೂರು ತಾಲ್ಲೂಕಿನದೇ ಊರು. ಮ್ಯಾನೇಜರು ಆವತ್ತು ರಜೆ. ತಕ್ಷಣ ಯಾರಾದರೂ ಹೋಗಬೇಕು. ಚೆಲುವರಾಜು ಚೀಲ ಹೆಗಲಿಗೆ ಹಾಕಿ ನಿಂತ. ನೋಡಿದರೆ ಇಂಟರ್ನೆಟ್ಟು ಸತ್ತಿದೆ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಟ್ರಾವೆಲ್ ಡೆಸ್ಕಿಗೆ ಫೋನು ಮಾಡಬೇಕು, ಅಲ್ಲಿನವರು ಊರ ಹೆಸರು ಹೊಡೆದು ನಂಬರು ಓದಿ ಹೇಳುತ್ತಾರೆ. ಬಸ್ಸಿಗೆ ಹತ್ತು ನಿಮಿಷವಿತ್ತು. ಆ ಕಡೆಯ ಹುಡುಗಿಯದು ಮಳೆಯ ಹಾಗೆ ಸುರಿಯುವ ಇಂಗ್ಲಿಷು. ನಾನು ಒಂದೊಂದಕ್ಕೂ ತಡವರಿಸುತ್ತ ಊರು ಹೇಳಿದೆ. ಅವಳು ಒಮ್ಮೆ ತಿರುಗಿ ಹೇಳಿ, ಸರಿಯೇ ಎಂದಳು. "ಯೆಸ್, ಯೆಸ್" ಎಂದೆ. ನಂಬರು ಬಂತು. ಚೆಲುವರಾಜು ಓಡಿದ. ಬಾಗಿಲಲ್ಲಿ ಅಕ್ಕ ಅವನನ್ನು ತಡೆದು ಏನೋ ಕೇಳಿದ್ದು, ಅವನು ನಡೆಯುತ್ತಲೇ ಉತ್ತರ ಕೊಟ್ಟದ್ದು ಕಾಣಿಸಿತು.

ಸಂಜೆ ಹಿಂದಿರುಗುವಾಗ ಹನಗೋಡಿನ ಸ್ಟಾಪಿನಲ್ಲಿ, ಅವನು ಫುಟ್‌ಬೋರ್ಡಿನ ಮೇಲೆ ಕಾಲಿಡುತ್ತಿದ್ದಂತೆ ಬಸ್ಸು ಹೊರಟುಬಿಟ್ಟಿತು. ಬಿದ್ದ. ತೊಡೆಯ ಮೂಳೆ ಎರಡು ತುಂಡು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು.

ಮಾರನೆಯ ದಿನ ನೆಟ್ಟು ಬಂದಾಗ ಅವನ ಟೂರನ್ನು ತೆರೆದು ನೋಡಿದೆ. ಪರದೆಯ ಮೇಲೆ ಇದ್ದದ್ದು ಆನಗೋಡು, ದಾವಣಗೆರೆ. ಹ ಇಲ್ಲದ ಊರು, ಇಲ್ಲಿಂದ ಒಂದು ದಿನದ ದಾರಿ. ದಾವಣಗೆರೆ ಕಡೆ ಕಂಪನಿಯ ಮೆಕ್ಕೆಜೋಳದ ಕೆಲಸವೂ ಇದ್ದುದರಿಂದ, ನಮ್ಮ ಆಫೀಸಿನವರನ್ನು ಆಗೀಗ ಅಲ್ಲಿಗೂ ಕಳಿಸುತ್ತಿದ್ದರು. ಹಾಗಾಗಿ ಬೆಂಗಳೂರಿನಲ್ಲಿ ಯಾರಿಗೂ ಅದು ತಪ್ಪೆಂದು ತೋರಲಿಲ್ಲ. ತೋರಿದ್ದು ಬೇರೆ: ದಾವಣಗೆರೆಗೆ ಹೋಗಬೇಕಿದ್ದವನು ಹನಗೋಡಿನಲ್ಲಿ ಯಾಕೆ ಬಿದ್ದ? ಸಾಲದ್ದಕ್ಕೆ, ಅವನ ಹೆಂಡತಿಯ ತವರು ಹನಗೋಡಿನ ಪಕ್ಕದ ಹಳ್ಳಿ.

ಬೆಂಗಳೂರಿನಿಂದ ಫೋನು ಬಂತು. "ಸಿಸ್ಟಮ್‌ನಲ್ಲಿರುವ ಊರು ಸರಿಯಾ?" ಎಂದು ಕೇಳಿದರು. ನನ್ನ ಪ್ರೊಬೇಷನ್ ಮುಗಿಯಲು ಆರು ವಾರ ಉಳಿದಿತ್ತು. ಊರಲ್ಲಿ ಅಪ್ಪ ಎಲ್ಲರಿಗೂ "ನನ್ ಮಗ ಕಂಪ್ನೀಲಿ ಆಪೀಸರ್ರು" ಎಂದು ಹೇಳಿಕೊಂಡು ತಿರುಗುತ್ತಿದ್ದ.

"ಸಿಸ್ಟಮ್‌ನಲ್ಲಿ ಇರೋದೇ ಸರಿ ಸಾರ್" ಎಂದೆ.

ನಾಲ್ಕನೆಯ ದಿನ ಚೆಲುವರಾಜುವಿನ ಹೆಂಡತಿ ಬಂದು ಬೆಂಚಿನ ಮೇಲೆ ಕೂತಳು. "ಸಾ, ಕೆಲ್ಸ ಬುಟ್ಟು ಅತ್ತೆ ಮನೇಲಿ ಉಂಡ್ಕೊಂಡು ಕೂತಿದ್ರು ಅಂತವ್ರಂತೆ. ನಮ್ಮವ್ವ ಸತ್ತೇ ಎರ್ಡೊರ್ಸ ಆಯ್ತು ಸಾ. ಅಲ್ಲಿ ಉಣ್ಣಾಕೆ ಇಕ್ಕೋರ್ ಯಾರವ್ರೆ?" ನಾನು ನೀರು ತಂದುಕೊಟ್ಟೆ. ಅಷ್ಟೇ ಮಾಡಿದೆ.

ಮಧ್ಯಾಹ್ನ ಹಿತ್ತಲ ನಲ್ಲಿಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದಾಗ ಅಕ್ಕ ಪಕ್ಕಕ್ಕೆ ಬಂದು ತಮ್ಮ ಡಬ್ಬಿ ಹಿಡಿದರು.

"ಏನಪ್ಪಾ, ಚೆಲುವ ಓಗಿದ್ದು ಎಲ್ಲಿಗೆ ಅಂತ ನಿಂಗೆ ಗೊತ್ತಲ್ವಾ?"

"ಗೊತ್ತಕ್ಕ."

"ಮತ್ತೆ ನಿನ್ ಪೆಟ್ಗೇಲಿ ದಾವಣಗೆರೆ ಎಂಗ್ ಬಂತು?"

"ಬೆಂಗಳೂರಿನವರು ತಪ್ಪು ಹೊಡೆದಿರಬೇಕು."

"ಫೋನಲ್ಲಿ ನೀನು ಏನಂದೆ?"

"ಹನಗೋಡು ಅಂದೆ."

ಅವರು ನೀರು ಸೋರುತ್ತಿದ್ದ ಅಂಗೈಯನ್ನು ನನ್ನ ಬಾಯಿಯ ಹತ್ತಿರ ತಂದರು. "ಇನ್ನೊಂದ್ಸಲ ಅನ್ನು."

"ಹನಗೋಡು."

"ಈಗ ಊದ್ದೆ. ಅವತ್ತು ಊದಿದ್ಯಾ?"

ನಲ್ಲಿ ಸುರಿಯುತ್ತಲೇ ಇತ್ತು. ಅವರೇ ನಿಲ್ಲಿಸಿದರು. "ನೀನು ಆ ಅಕ್ಸರಕ್ಕೆ ಅದೆಷ್ಟು ಪಾಡು ಪಡ್ತೀಯ ಅಂತ ನೀ ಬಂದ್ ದಿನದಿಂದ್ಲೂ ನೋಡಿವ್ನಿ. ದಿಗಿಲಾದ್ರೆ ಅದು ನಿನ್ನ ಬುಟ್ಬುಡ್ತದೆ ಕಣಪ್ಪ. ಗಾಬ್ರೀಲಿ ಎಲ್ರೂ ಅವ್ರವ್ರ ಅವ್ವನ್ ಮಾತೇ ಆಡಾದು. ಅದ್ರಲ್ಲಿ ತಪ್ಪೇನಿಲ್ಲ." ಡಬ್ಬಿಯ ಮುಚ್ಚಳ ಒತ್ತಿದರು. "ಆಮ್ಯಾಲಿಂದು ತಪ್ಪು."

ಡಬ್ಬಿ ಹಿಡಿದು ಒಳಗೆ ಹೋದರು.

ವಿಚಾರಣೆಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಬೇರೆ ಸೀಮೆಯವರು, ಕನ್ನಡವನ್ನು ಪುಸ್ತಕದ ಹಾಗೆ ನಿಧಾನವಾಗಿ ಆಡುತ್ತಿದ್ದರು. ಬೈಯುವವರಾಗಿದ್ದರೆ ವಾಸಿಯಿತ್ತು. ಅವರದು ತೀರ ಮೆತ್ತನೆಯ ಮಾತು, ಮೆತ್ತಗೆ ಕೇಳುತ್ತ ಒಂದೊಂದೇ ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಚೆಲುವರಾಜು ತಮ್ಮಲ್ಲಿಗೇ ಬಂದಿದ್ದನೆಂಬ ಬ್ಯಾರನ್ನಿನ ಗೌಡರ ಹೇಳಿಕೆಯನ್ನು, "ಅವರು ಇವರಿಗೆ ಪರಿಚಯದವರಲ್ಲವೇ" ಎಂದು ಬದಿಗಿಟ್ಟರು. ಹೇಳಿಕೆಗಳನ್ನು ಬರೆದುಕೊಳ್ಳಲು ನನ್ನನ್ನೇ ಕೂರಿಸಿದರು, ನನ್ನ ಅಕ್ಷರ ದುಂಡಗಿದೆ ಎಂದು.

ಬೆಳಿಗ್ಗೆ ಹನ್ನೊಂದಕ್ಕೆ ಟೂರಕ್ಕನನ್ನು ಕರೆದರು. ಮ್ಯಾನೇಜರು ಗೋಡೆಯ ಪಕ್ಕ, ಅಧಿಕಾರಿ ನಡುವೆ, ನಾನು ಮೇಜಿನ ತುದಿಯಲ್ಲಿ.

"ಆ ದಿನ ಚೆಲುವರಾಜು ಎಲ್ಲಿಗೆ ಹೋದರು ಎಂದು ನೀವು ಬರೆದಿಟ್ಟಿದ್ದೀರಾ?"

"ಬರೀಬ್ಯಾಡಿ ಅಂದಿದ್ರು ಸಾ. ಬರೀನಿಲ್ಲ."

"ಹಾಗಾದರೆ ನಿಮಗೆ ತಿಳಿಯದು."

"ಬರೀನಿಲ್ಲ ಅಂದೆ. ತಿಳೀದು ಅನ್ನಿಲ್ಲ. ಕೇಳಿದ್ದೆ."

"ಸರಿ, ಅವರು ಏನು ಹೇಳಿದರು?"

ಅಕ್ಕ ನೆಟ್ಟಗೆ ಕೂತು, ಮೂರು ಬೆರಳು ಮಡಚಿ ಹೇಳಿದರು: "ಊರು ಅನಗೋಡು. ಬಸ್ಸು ಒಂಬತ್ತೂ ಇಪ್ಪತ್ತರದು. ಮನೆ, ಕೆರೆ ಏರಿ ಕೆಳಗ್ಲ ಗೌಡ್ರುದು."

ಅಧಿಕಾರಿಯ ಮುಖದಲ್ಲಿ ಒಂದು ತೆಳು ನಗೆ ಬಂತು. "ಆನಗೋಡು. ಅಲ್ಲವೇ?"

"ಊಂ. ಅನಗೋಡು."

"ಸಿಸ್ಟಮ್ ಕೂಡ ಅದನ್ನೇ ಹೇಳುತ್ತದೆ." ಮ್ಯಾನೇಜರ ಕಡೆ ತಿರುಗಿದರು. "ಇವರ ಸಾಕ್ಷಿಯೂ ದಾವಣಗೆರೆಗೇ ಆಯಿತು. ಇನ್ನು ಅನುಮಾನವಿಲ್ಲ." ಆಮೇಲೆ ನನಗೆ ಹೇಳಿದರು: "ಬರೆದುಕೊಳ್ಳಿ. ಆನಗೋಡು."

ಈಗ ಊದುತ್ತಾರೆ ಎಂದು ಕಾದೆ. ಹದಿನೇಳು ವರ್ಷ ಡಿಪೋದವರಿಗೆ, ಟ್ರಂಕ್ ಕಾಲಿನವರಿಗೆ, ಕಂಡಕಂಡ ಆಫೀಸಿನವರಿಗೆಲ್ಲ ಉಫ್ ಎಂದು ಊದಿ ಹೇಳಿದವರು. ಒಂದೇ ಒಂದು ಸಲ ಊದಿದ್ದರೆ ಮುಗಿಯುತ್ತಿತ್ತು. ಅವರು ತುಟಿ ಬಿಗಿಹಿಡಿದು ಕೂತರು. ನನ್ನ ಮುಖವನ್ನೂ ನೋಡಲಿಲ್ಲ. ನೋಡುತ್ತಿದ್ದದ್ದು ನನ್ನ ಪೆನ್ನಿನ ಮೊನೆಯನ್ನು.

ಫ್ಯಾನು ಕಿರುಗುಟ್ಟುತ್ತಿತ್ತು. ಹೊರಗೆ ಮಡಿಕೇರಿ ಬಸ್ಸು ಹಾರನ್ ಹೊಡೆದು ಹೋಯಿತು. ಒಂದೇ ಅಕ್ಷರ ಬರೆಯಬೇಕಿತ್ತು. ಆ ಎಂದು ಬರೆದರೆ ಚೆಲುವರಾಜು ಕಳ್ಳ, ನಾನು ಪ್ರೊಬೇಷನ್ ಮುಗಿದ ಕೂಡಲೇ ಕಾಯಂ.

ಬರೆದೆ.

ಅಧಿಕಾರಿ ಬಗ್ಗಿ ನೋಡಿದರು. "ಇದೇನು? ಹನಗೋಡು ಎಂದು ಬರೆದಿದ್ದೀರಿ. ಅವರು ಅಂದದ್ದು ಅದಲ್ಲ."

"ಅವರು ಅಂದದ್ದು ಅದೇ ಸಾರ್. ಹುಣಸೂರು ತಾಲ್ಲೂಕಿನ ಹನಗೋಡು. ನಮ್ಮ ಕಡೆ ಬಾಯಲ್ಲಿ ಆ ಅಕ್ಷರ ಬರಲ್ಲ." ಪೆನ್ನನ್ನು ಮೇಜಿನ ಮೇಲಿಟ್ಟೆ. "ನನ್ನ ಬಾಯಲ್ಲೂ ಬರಲ್ಲ. ಫೋನಿನಲ್ಲಿ ನಾನು ಅಂದದ್ದು ಅನಗೋಡು ಅಂತಲೇ. ಆ ಹುಡುಗಿ ತಿರುಗಿ ಕೇಳಿದಾಗಲೂ ಯೆಸ್ ಅಂದೆ. ಅವಳದು ತಪ್ಪಿಲ್ಲ, ಚೆಲುವರಾಜುದೂ ಇಲ್ಲ. ಮಾರನೇ ದಿನವೇ ನನಗೆ ಗೊತ್ತಾಯ್ತು ಸಾರ್. ಗೊತ್ತಿದ್ದೂ ಸುಮ್ನಿದ್ದೆ."

ಅಧಿಕಾರಿ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಒಮ್ಮೆ ಹೇಳಿ, ಫೋನಿನಲ್ಲಿ ಹೇಗೆ ಹೇಳಿದಿರೋ ಹಾಗೆ" ಎಂದರು.

ಡಿಗ್ರಿ ಮಾಡಿದವನು, ಸ್ನಾನದ ಮನೆಯಲ್ಲಿ ಅಂಗೈ ಹಿಡಿದು ಕಲಿತವನು, ಮ್ಯಾನೇಜರ ಮುಂದೆ ಹೇಳಿದೆ: "ಅನಗೋಡು."

ಪಕ್ಕದಿಂದ ಟೂರಕ್ಕ, "ಊಂ, ಇಂಗೇಯ" ಎಂದರು.

ಚೆಲುವರಾಜುವಿನ ಟೂರು ಡ್ಯೂಟಿ ಎಂದೇ ಆಯಿತು. ಆರು ತಿಂಗಳ ಮೇಲೆ ಕುಂಟುತ್ತ ಕೆಲಸಕ್ಕೆ ಬಂದ. ಸ್ವಲ್ಪ ದಿನ ನನ್ನ ಜೊತೆ ಮಾತು ಬಿಟ್ಟಿದ್ದ, ಅದು ನ್ಯಾಯವೇ. ನನ್ನ ಪ್ರೊಬೇಷನ್ ಇನ್ನೊಂದು ವರ್ಷ ಮುಂದೆ ಹೋಯಿತು. ಬೆಂಗಳೂರಿನ ಹುಡುಗಿ ಅಂದಿನಿಂದ ಪ್ರತಿ ಸಲವೂ ಕನ್ನಡದಲ್ಲೇ, "ಹ ಇದೆಯಾ ಸಾರ್, ಇಲ್ವಾ?" ಎಂದು ಕೇಳತೊಡಗಿದಳು. ಪರದೆಯ ತಳದಲ್ಲಿ ಷರಾ ಬರೆಯಲೆಂದು ಒಂದು ಖಾಲಿ ಚೌಕವಿತ್ತು, ಯಾರೂ ಬಳಸುತ್ತಿರಲಿಲ್ಲ. ಅದರಲ್ಲಿ ಬಸ್ಸನ್ನೂ ಮನೆಯನ್ನೂ ಹೊಡೆಯಲು ಶುರುಮಾಡಿ ಅಕ್ಕನಿಗೆ ತೋರಿಸಿದೆ. "ಇಂಡಿಯಾದಲ್ಲಿ ಮನೆ ಸಿಕ್ತು ಅಕ್ಕ."

"ಮೊದ್ಲೇ ಇತ್ತು ಬುಡು," ಎಂದರು.

ನಿವೃತ್ತಿಯ ದಿನ ಹೂವಿನ ಹಾರ, ಖಾರಾಬೂಂದಿ ಎಲ್ಲ ಮುಗಿದ ಮೇಲೆ, ಬಸ್‌ಸ್ಟ್ಯಾಂಡಿನವರೆಗೆ ಅವರ ಚೀಲ ಹಿಡಿದು ಹೋದೆ. ಬಸ್ಸು ಬರುವ ಮೊದಲು ಕೇಳಿಯೇಬಿಟ್ಟೆ.

"ಅಕ್ಕ, ಆವತ್ತು ಯಾಕೆ ಊದಲಿಲ್ಲ?"

"ಅಲ್ಲು ಬಿದ್ದೋಗವೆ ಕಣಪ್ಪ. ಊದಾಕಾಗ್ನಿಲ್ಲ," ಎಂದು ಜೋರಾಗಿ ನಕ್ಕರು. ಬಾಯಿ ತುಂಬ ಹಲ್ಲಿದ್ದವು.

ಮೊನ್ನೆ, ಅವರ ಮನೆಯವರನ್ನು ಮಾತಾಡಿಸಿ ಬರಲೆಂದು, ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತಿದೆ. ಈಗ ನಾನೂ ತಲೆ ಬೆಳ್ಳಗಾದವನು, ಮೈಸೂರಿನಲ್ಲಿ ಮನೆ ಕಟ್ಟಿದವನು, ಮೀಟಿಂಗುಗಳಲ್ಲಿ ಹ ಒಂದೂ ತಪ್ಪದೆ ಮಾತಾಡುವವನು. ಕಂಡಕ್ಟರ್ ಬಂದು ಕೈಚಾಚಿದ.

"ಯಾವೂರು?"

"ಆರನಳ್ಳಿ" ಎಂದೆ. ಎರಡನೆಯ ಸಲ ಕೇಳದೆ ಟಿಕೆಟ್ ಹರಿದುಕೊಟ್ಟ.

ಪಕ್ಕದ ಸೀಟಿನ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮನೆಗಪ್ಪಾ?" ಎಂದರು.

ಊರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೋ ನನಗೆ ತಿಳಿಯದು. ಹುಣಸೂರಿನ ಕಂಪನಿಯಲ್ಲಿದ್ದವರು, ಹೋದ ವಾರ ತೀರಿಕೊಂಡರು ಎಂದು ಶುರುಮಾಡಿದೆ.

"ಓ, ಬಸ್ಸಿನ್ ಟೇಮ್ ಏಳೋ ಅವ್ವನ ಮನ್ಗಾ?" ಎಂದವರೇ ಅಜ್ಜ ಸರಿದು ಕೂತು, ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟರು.